ಪಾಠ 12: ಕೆರೆಗೆ ನೀರು ಬರುವ ದಾರಿ

ಹೊಸ ಪದಗಳು
ಜಲಾನಯನ, ರಾಜಕಾಲುವೆ, ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು, ಹೂಳು, ಅಂತರ್ಜಲ, ಒತ್ತುವರಿ

ಈ ಪದಗಳನ್ನು ಗಟ್ಟಿಯಾಗಿ ಓದಿ. ಇವುಗಳಲ್ಲಿ ಹೆಚ್ಚಿನವು ನಿಮ್ಮ ಬಾಯಲ್ಲಿ ಇರುವ ಪದಗಳೇ. ಈಗ ಅಕ್ಷರದಲ್ಲಿ ನೋಡುತ್ತಿದ್ದೀರಿ.

ಮಾತುಕತೆ

ಕೋಲಾರದ ಕಡೆಯ ಒಂದು ಊರು. ಅತ್ತೆ, ಸೊಸೆ ಹುಲ್ಲಿನ ಹೊರೆ ಹೊತ್ತು ಕೆರೆ ಏರಿಯ ಮೇಲೆ ಬರುತ್ತಿದ್ದಾರೆ. ದಣಿವು ಆರಿಸಿಕೊಳ್ಳಲು ಹುಣಸೆ ಮರದ ಕೆಳಗೆ ಹೊರೆ ಇಳಿಸಿದರು.

ಸೊಸೆ: ಅತ್ತೆ, ಹೋದ ವರ್ಷ ಕೆರೆ ಹೂಳು ತೆಗೆದರು. ಜೆಸಿಬಿ ತಂದು ಒಂದು ತಿಂಗಳು ಮಣ್ಣು ಹೊಡೆದರು. ಈ ಸಲ ಮಳೆಯೂ ಚೆನ್ನಾಗಿ ಬಂತು. ಆದ್ರೂ ನೋಡಿ, ಕೆರೆಯಲ್ಲಿ ಮೊಣಕಾಲುದ್ದ ನೀರಿಲ್ಲ. ಯಾಕೆ?

ಅತ್ತೆ: ಕೆರೆ ತೋಡಿದ್ರು ಕಣಮ್ಮಾ. ಕೆರೆಗೆ ನೀರು ಬರೋ ದಾರಿ ನೋಡಿದ್ರಾ?

ಸೊಸೆ: ದಾರಿ ಅಂದ್ರೆ?

ಅತ್ತೆ: ನಾನು ಮದುವೆಯಾಗಿ ಬಂದಾಗ ಆ ಗುಡ್ಡದ ಕಡೆಯಿಂದ ಒಂದು ಕಾಲುವೆ ಬರ್ತಿತ್ತು. ಜೋರು ಮಳೆ ಬಂದ ರಾತ್ರಿ ಅದರ ಸದ್ದು ಮನೇವರೆಗೂ ಕೇಳೋದು. ಈಗ ಆ ಕಾಲುವೆ ಎಲ್ಲಿದೆ, ತೋರಿಸು ನೋಡೋಣ.

ಸೊಸೆ ತಿರುಗಿ ನೋಡಿದಳು. ಕಾಲುವೆ ಇದ್ದ ಜಾಗದಲ್ಲಿ ಒಂದು ಕಡೆ ಟೊಮೆಟೊ ತೋಟ. ಇನ್ನೊಂದು ಕಡೆ ನೀಲಗಿರಿ ತೋಪು. ನಡುವೆ ರಸ್ತೆ. ರಸ್ತೆಯ ಕೆಳಗೆ ಮೋರಿ ಇಲ್ಲ.

ಸೊಸೆ: ಹಾಗಾದ್ರೆ ಮಳೆ ನೀರು ಎಲ್ಲಿಗೆ ಹೋಯ್ತು ಅತ್ತೆ?

ಅತ್ತೆ: ಅದನ್ನೇ ಮೊದಲು ಹುಡುಕ್ಬೇಕಿತ್ತು. ಆಮೇಲೆ ಜೆಸಿಬಿ ತರಬೇಕಿತ್ತು.

ಬನ್ನಿ, ನಾವೂ ಹುಡುಕೋಣ.

ಕೆರೆಯ ಅಂಗಗಳು

ನಮ್ಮ ಮೈಗೆ ಕಣ್ಣು, ಬಾಯಿ, ಕೈ, ಕಾಲು ಇವೆ. ಹಾಗೆಯೇ ಕೆರೆಗೂ ಅಂಗಗಳಿವೆ.

ಮಳೆ ಬಿದ್ದು, ಹರಿದು, ಕೆರೆಯ ಕಡೆಗೆ ಬರುವ ನೆಲವೆಲ್ಲ ಸೇರಿ ಜಲಾನಯನ. ಗುಡ್ಡ, ಗೋಮಾಳ, ಹೊಲ ಎಲ್ಲವೂ ಅದರಲ್ಲಿ ಇರುತ್ತವೆ.

ಆ ನೀರನ್ನು ಕೆರೆಗೆ ತರುವ ದೊಡ್ಡ ಕಾಲುವೆ ರಾಜಕಾಲುವೆ.

ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ ಏರಿ.

ನೀರು ನಿಲ್ಲುವ ಜಾಗ ಅಂಗಳ.

ಗದ್ದೆಗೆ ನೀರು ಬಿಡುವ ಬಾಯಿ ತೂಬು. ತೂಬಿನ ನೀರು ಉಣ್ಣುವ ಭೂಮಿ ಅಚ್ಚುಕಟ್ಟು.

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗುವ ಜಾಗ ಕೋಡಿ.

ನೀರಿನ ಜೊತೆ ಬಂದು ಅಂಗಳದಲ್ಲಿ ಕೂರುವ ಮಣ್ಣು ಹೂಳು.

ಇವುಗಳಲ್ಲಿ ಒಂದು ಕೆಟ್ಟರೂ ಕೆರೆ ಕೆಡುತ್ತದೆ. ಕಾಲುವೆ ಮುಚ್ಚಿದರೆ ಕೆರೆಗೆ ಊಟವಿಲ್ಲ. ಕೋಡಿ ಕಟ್ಟಿಕೊಂಡರೆ ಏರಿ ಒಡೆಯುತ್ತದೆ. ತೂಬು ಸೋರಿದರೆ ಬೇಸಿಗೆಗೆ ನೀರು ಉಳಿಯುವುದಿಲ್ಲ.

ಒಂದು ಇಂಚು ಮಳೆ ಎಂದರೆ ಎಷ್ಟು ನೀರು?

ಒಂದು ಎಕರೆ ನೆಲದ ಮೇಲೆ ಒಂದು ಇಂಚು ಮಳೆ ಬಿತ್ತು ಅನ್ನಿ. ಅದು ಸುಮಾರು 1 ಲಕ್ಷ ಲೀಟರ್ ನೀರು. ನಿಮ್ಮ ಪ್ಲಾಸ್ಟಿಕ್ ಬಿಂದಿಗೆಯಲ್ಲಿ 15 ಲೀಟರ್ ಹಿಡಿಯುತ್ತದೆ ಅಂದುಕೊಳ್ಳಿ. ಆಗ 6,600 ಬಿಂದಿಗೆಗೂ ಹೆಚ್ಚು ನೀರಾಯಿತು. ಒಂದೇ ಎಕರೆಗೆ, ಒಂದೇ ಇಂಚಿಗೆ!

ಒಂದು ಕೆರೆಗೆ 500 ಎಕರೆ ಜಲಾನಯನ ಇದೆ ಅನ್ನಿ. ಒಂದು ಇಂಚು ಮಳೆಗೆ 5 ಕೋಟಿ ಲೀಟರ್ ನೀರು ಬೀಳುತ್ತದೆ. ಅಷ್ಟೂ ಕೆರೆಗೆ ಬರುವುದಿಲ್ಲ. ಒಣಗಿದ ನೆಲ ಮೊದಲು ತಾನು ಕುಡಿಯುತ್ತದೆ. ಗಿಡ, ಹುಲ್ಲು ಕುಡಿಯುತ್ತವೆ. ಹೊಲದ ಬದು ಸ್ವಲ್ಪ ತಡೆಯುತ್ತದೆ. ಇದೆಲ್ಲ ಕಳೆದು ಹತ್ತರಲ್ಲಿ ಒಂದು ಪಾಲು ಹರಿದು ಬಂದರೂ 50 ಲಕ್ಷ ಲೀಟರ್ ಆಗುತ್ತದೆ.

ದಾರಿ ಮುಚ್ಚಿದ್ದರೆ? ಆ 50 ಲಕ್ಷ ಲೀಟರ್ ಯಾರದೋ ಹೊಲ ಕೊಚ್ಚುತ್ತದೆ. ರಸ್ತೆ ಕೊರೆಯುತ್ತದೆ. ತಗ್ಗಿನ ಮನೆಗಳಿಗೆ ನುಗ್ಗುತ್ತದೆ. ಕೆರೆ ಮಾತ್ರ ಒಣಗಿರುತ್ತದೆ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. ಎರಡಕ್ಕೂ ಕಾರಣ ಒಂದೇ ಆಗಿರಬಹುದು.

ಕೆರೆಗೂ ಕೆರೆಗೂ ನಂಟು

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ಹಿರಿಯರು ಹೆಜ್ಜೆ ಹೆಜ್ಜೆಗೂ ಕೆರೆ ಕಟ್ಟಿದರು.

ಬೇರೆ ಬೇರೆಯಾಗಿ ಕಟ್ಟಲಿಲ್ಲ. ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಊರಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಊರಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನ ಕೆರೆಗೆ.

ಹಾಗಾಗಿ ಒಂದು ಊರು ತನ್ನ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನ ಊರಿಗೆ ನೀರು ತಡವಾಗುತ್ತದೆ. ಮಳೆ ಕಡಿಮೆಯಾದ ವರ್ಷ ಬರುವುದೇ ಇಲ್ಲ. ಮೇಲಿನವರ ಅಂಗಳದಲ್ಲಿ ಮುಳುಗದ ಹೊಲವೂ ಮುಳುಗುತ್ತದೆ. ಕೆರೆ ಕೆಲಸ ಮಾಡುವಾಗ ಮೇಲಿನ ಊರು, ಕೆಳಗಿನ ಊರು ಎರಡನ್ನೂ ಕೇಳಬೇಕು.

ಇನ್ನೊಂದು ಮಾತು. ಹೊಲಕ್ಕೊಂದು ಕೃಷಿ ಹೊಂಡ, ಹಳ್ಳಕ್ಕೆ ಹತ್ತು ತಡೆ ಅಣೆ ಕಟ್ಟಿದರೆ ಮೇಲಿನ ಹೊಲಗಳಿಗೆ ಒಳ್ಳೆಯದು. ಆದರೆ ತಡೆದ ನೀರು ಕೆರೆಗೆ ಬರುವುದಿಲ್ಲ. ಎಷ್ಟು ತಡೆಯಬೇಕು, ಎಷ್ಟು ಬಿಡಬೇಕು ಎಂದು ಊರವರೆಲ್ಲ ಕೂತು ಲೆಕ್ಕ ಹಾಕಬೇಕು.

ಭಾಗೀರಥಿಯ ಕಥೆ

'ಕೆರೆಗೆ ಹಾರ' ಎಂಬ ಹಾಡು ನೀವು ಕೇಳಿರಬಹುದು. ಗೌಡರು ಕೆರೆ ಕಟ್ಟಿಸಿದರು. ನೀರು ಬರಲಿಲ್ಲ. ಸೊಸೆಯನ್ನು ಬಲಿ ಕೊಡಬೇಕು ಎಂದಾಯಿತು. ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಕೊಟ್ಟರು. ಈ ಹಾಡು ಕೇಳಿ ಕಣ್ಣೀರು ಹಾಕದ ಹೆಣ್ಣುಮಕ್ಕಳಿಲ್ಲ.

ಹಾಡಿನಲ್ಲಿ ಎಲ್ಲರೂ ಯಾರನ್ನು ಬಲಿ ಕೊಡಬೇಕು ಎಂದು ಕೇಳಿದರು. ನೀರು ಎಲ್ಲಿ ನಿಂತಿದೆ ಎಂದು ಯಾರೂ ಕೇಳಲಿಲ್ಲ. ಇವತ್ತೂ ಕೆರೆ ಬತ್ತಿದರೆ ಹೊರೆ ಬೀಳುವುದು ಮನೆಯ ಸೊಸೆ, ಮಗಳ ತಲೆಯ ಮೇಲೆಯೇ. ದೂರದಿಂದ ಬಿಂದಿಗೆ ಹೊರುವವರು ಅವರೇ. ನೀರಿಗಾಗಿ ಶಾಲೆ ಬಿಡುವವಳು ಹುಡುಗಿಯೇ. ಆದ್ದರಿಂದ ನೀರಿನ ದಾರಿ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮಗಿದೆ.

ಬಂದ ನೀರು ಎಲ್ಲೆಲ್ಲಿಗೆ ಹೋಗುತ್ತದೆ?

ಮನೆಗೆ ಬಂದ ಹಣಕ್ಕೆ ಲೆಕ್ಕ ಇರುವ ಹಾಗೆ ಕೆರೆಗೆ ಬಂದ ನೀರಿಗೂ ಲೆಕ್ಕ ಇದೆ. ನೀರು ನಾಲ್ಕು ದಾರಿಯಲ್ಲಿ ಖರ್ಚಾಗುತ್ತದೆ.

ಒಂದು, ಬಿಸಿಲಿಗೆ ಆವಿಯಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ನೀರು ಹೀಗೆ ಹೋಗುತ್ತದೆ. ಬೆರಳಿನಲ್ಲಿ ಅಳೆದರೆ ಇದು ತೀರ ಕಡಿಮೆ. ಆದರೆ 20 ಎಕರೆ ಹರಡಿ ನಿಂತ ನೀರಿನಲ್ಲಿ ಅರ್ಧ ಸೆಂಟಿಮೀಟರ್ ಎಂದರೆ ದಿನಕ್ಕೆ 4 ಲಕ್ಷ ಲೀಟರ್!

ಎರಡು, ನೆಲಕ್ಕೆ ಇಂಗುತ್ತದೆ. ಇದು ನಷ್ಟ ಅಲ್ಲ. ಇಂಗಿದ ನೀರೇ ಅಂತರ್ಜಲ. ಅದೇ ಬಾವಿಗೆ, ಬೋರ್‌ವೆಲ್‌ಗೆ ಬರುತ್ತದೆ.

ಮೂರು, ತೂಬಿನಿಂದ ಅಚ್ಚುಕಟ್ಟಿಗೆ ಹೋಗುತ್ತದೆ.

ನಾಲ್ಕು, ಕೋಡಿ ಹರಿದು ಕೆಳಗಿನ ಕೆರೆಗೆ ಹೋಗುತ್ತದೆ.

ಮೊದಲು ತೂಬು ಎತ್ತಲು, ಇಳಿಸಲು ನೀರುಗಂಟಿ ಇರುತ್ತಿದ್ದ. ಕೆರೆ ಅರ್ಧ ತುಂಬಿದ ವರ್ಷ ಎಲ್ಲರಿಗೂ ಅರ್ಧ ಪಾಲು. ಯಾವ ಬೆಳೆ ಇಡಬೇಕು ಎಂದು ಊರೇ ತೀರ್ಮಾನ ಮಾಡುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಅವರವರ ನೀರು ಅವರವರಿಗೆ ಎಂದಾಯಿತು. ಕೆರೆಯ ಕಡೆ ನೋಡುವವರು ಕಡಿಮೆಯಾದರು.

ಆದರೆ ಬೋರ್‌ವೆಲ್‌ಗೆ ನೀರು ಎಲ್ಲಿಂದ ಬರಬೇಕು? ಕೋಲಾರದ ನೆಲದ ಕೆಳಗೆ ಗಟ್ಟಿ ಬಂಡೆ ಇದೆ. ನೀರು ನಿಲ್ಲುವುದು ಬಂಡೆಯ ಮೇಲಿನ ಸಡಿಲ ಮಣ್ಣಿನಲ್ಲಿ, ಬಂಡೆಯ ಬಿರುಕಿನಲ್ಲಿ ಮಾತ್ರ. ತುಂಬಿಸುವವರಿಲ್ಲದೆ ಬರೀ ತೆಗೆಯುತ್ತಾ ಹೋದರೆ ಆ ಬಿರುಕು ಬೇಗ ಖಾಲಿ. ಆಗ 1,000 ಅಡಿ, 1,200 ಅಡಿ ಕೊರೆಯುತ್ತಾರೆ. ಸಾಲ ಏರುತ್ತದೆ. ಆಳದ ನೀರಿನಲ್ಲಿ ಎಷ್ಟೋ ಕಡೆ ಫ್ಲೋರೈಡ್ ಹೆಚ್ಚಾಗಿರುತ್ತದೆ. ಅದನ್ನು ಕುಡಿದ ಮಕ್ಕಳ ಹಲ್ಲಿನಲ್ಲಿ ಹಳದಿ ಕಂದು ಕಲೆ ಬೀಳುತ್ತದೆ. ಬಹಳ ವರ್ಷ ಕುಡಿದವರಿಗೆ ಮೂಳೆ, ಕೀಲು ನೋವು ಬರುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನಿಮ್ಮ ಊರಿನ ನೀರನ್ನು ಪರೀಕ್ಷೆ ಮಾಡಿಸಿ ಎಂದು ಪಂಚಾಯಿತಿಯಲ್ಲಿ ಕೇಳಿ.

ಕೆರೆಯ ಅಂಚು ಯಾರ ಮನೆ?

ಕೆರೆಯ ಅಂಚಿನಲ್ಲಿ ನೀರು ತೆಳ್ಳಗೆ ನಿಲ್ಲುತ್ತದೆ. ಅಲ್ಲಿ ಜೊಂಡು, ಹುಲ್ಲು ಬೆಳೆಯುತ್ತವೆ. ಮೀನು ಮೊಟ್ಟೆ ಇಡುತ್ತದೆ. ಕಪ್ಪೆ, ಏಡಿ, ಬಸವನಹುಳು ಇರುತ್ತವೆ. ಕೊಕ್ಕರೆಗಳು ಮೇಯುತ್ತವೆ. ಇಂಥ ನೆಲವನ್ನು ಜೌಗು ನೆಲ ಎನ್ನುತ್ತಾರೆ.

ಮಳೆಗಾಲದಲ್ಲಿ ನೀರು ಏರಿದಾಗ ಅಂಚು ಮುಳುಗುತ್ತದೆ. ಬೇಸಿಗೆಯಲ್ಲಿ ಇಳಿದಾಗ ಅದೇ ಜಾಗದಲ್ಲಿ ಹಸಿ ಹುಲ್ಲು. ದನಕ್ಕೆ ಮೇವು. ಕೆರೆಯ ನೀರು ಏರಬೇಕು, ಇಳಿಯಬೇಕು. ಅದು ಕೆರೆಯ ಗುಣ. ಆ ಏರಿಳಿತದಲ್ಲೇ ಇಷ್ಟೊಂದು ಜೀವ ಬದುಕಿದೆ.

1971ರ ಫೆಬ್ರವರಿ 2ರಂದು ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ ಹಲವು ದೇಶಗಳು ಸೇರಿ ಒಂದು ಒಪ್ಪಂದ ಮಾಡಿದವು. ಜೌಗು ನೆಲಗಳನ್ನು ಉಳಿಸೋಣ ಎಂದು ಒಪ್ಪಿದವು. ನಮ್ಮ ರಾಜ್ಯದ ರಂಗನತಿಟ್ಟು 2022ರಲ್ಲಿ ಆ ಪಟ್ಟಿಗೆ ಸೇರಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು.

ಮಾಗಡಿ, ಅಂಕಸಮುದ್ರ ಎರಡೂ ಮನುಷ್ಯರೇ ಕಟ್ಟಿದ ಕೆರೆಗಳು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. ಅಂಕಸಮುದ್ರದಲ್ಲಿ ಕೆರೆಯೊಳಗಿನ ಜಾಲಿ ಮರಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮರದ ಬುಡದಲ್ಲಿ ನೀರು ಇರುವವರೆಗೆ ಕಾಡುಬೆಕ್ಕು, ನಾಯಿ ಹತ್ತಿರ ಬರುವುದಿಲ್ಲ. ಮರಿ ಹಾರುವ ಮೊದಲೇ ನೀರು ಬತ್ತಿದರೆ ಗೂಡಿಗೆ ಕಾವಲಿಲ್ಲ. ಹಕ್ಕಿ ಉಳಿಯುವುದೂ ನೀರಿನ ಲೆಕ್ಕದ ಮೇಲೆಯೇ ನಿಂತಿದೆ ನೋಡಿ. ಕೆರೆಯ ನೀರನ್ನು ಕೊನೆಯ ಹನಿಯವರೆಗೆ ಎತ್ತಬಾರದು. ದನ, ಮೀನು, ಹಕ್ಕಿಗೆ ಒಂದು ಪಾಲು ಬಿಡಬೇಕು.

ನೀರು ಬಂದರೆ ಸಾಕೇ?

ಸಾಲದು. ಎಂಥ ನೀರು ಬರುತ್ತದೆ ಎಂದೂ ನೋಡಬೇಕು.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ ನೀರಿಗೆ ಬರವಿಲ್ಲ. ಆದರೆ ವರ್ಷಗಟ್ಟಲೆ ಅದಕ್ಕೆ ಬಂದದ್ದು ನಗರದ ಕೊಳಚೆ. ಸೋಪಿನ ಪುಡಿಯ ನೀರಿನಿಂದ ನೊರೆ ಎದ್ದು 2015ರಲ್ಲಿ ರಸ್ತೆಗೆ ಹಾರಿತು. 2018ರ ಜನವರಿಯಲ್ಲಿ ಕೆರೆಯ ಜಾಗದಲ್ಲಿ ಬೆಂಕಿಯೇ ಹತ್ತಿಕೊಂಡಿತು.

ಕೊಳಚೆಯಲ್ಲಿ ಗೊಬ್ಬರದ ಅಂಶ ಬಹಳ ಇರುತ್ತದೆ. ಅದನ್ನು ತಿಂದು ಕೆರೆಯ ಮೇಲೆ ಅಂತರಗಂಗೆ ಹಬ್ಬುತ್ತದೆ. ನೀರಿಗೆ ಗಾಳಿ, ಬೆಳಕು ಸಿಗುವುದಿಲ್ಲ. ಮೀನು ಸಾಯುತ್ತದೆ. ಬರೀ ಕಳೆ ಕಿತ್ತರೆ ಪ್ರಯೋಜನ ಇಲ್ಲ. ಕೊಳಚೆ ನಿಲ್ಲುವವರೆಗೆ ಅದು ಮತ್ತೆ ಮತ್ತೆ ಬರುತ್ತದೆ.

2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡಲು ಶುರು ಮಾಡಿದರು. ಇದು ಕೆ.ಸಿ. ವ್ಯಾಲಿ ಯೋಜನೆ. ಲಕ್ಷ್ಮೀಸಾಗರ ಕೆರೆ ಮೊದಲು ತುಂಬಿತು. ಅಲ್ಲಿಂದ ಹಳೆಯ ಸರಪಳಿಯಲ್ಲೇ ಕೆರೆಯಿಂದ ಕೆರೆಗೆ ನೀರು ಹರಿಯಿತು. ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂತು. ಆದರೆ ಈ ನೀರನ್ನು ಎರಡು ಹಂತದಲ್ಲಿ ಮಾತ್ರ ಶುದ್ಧ ಮಾಡಿದ್ದಾರೆ, ಮೂರನೆಯ ಹಂತವೂ ಬೇಕು ಎಂದು ರೈತರು ಕೇಳಿದರು. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಂಥ ಕೆರೆಯ ನೀರನ್ನು ನೇರವಾಗಿ ಕುಡಿಯಬಾರದು, ಅಡುಗೆಗೆ ಬಳಸಬಾರದು.

ಕೆರೆ ಸರಿ ಮಾಡುವ ಕ್ರಮ

ಬೇಯಿಸುವ ಮೊದಲು ಅಕ್ಕಿ ತೊಳೆಯುತ್ತೇವೆ. ಬೆಂದ ಮೇಲೆ ತೊಳೆಯುವುದಿಲ್ಲ. ಕೆರೆ ಕೆಲಸಕ್ಕೂ ಹಿಂದು ಮುಂದು ಇದೆ.

1. ಮೊದಲು ನಡೆದು ನೋಡಿ. ಮಳೆ ಬಂದ ಮರುದಿನ ಹತ್ತು ಜನ ಸೇರಿ ಕೆರೆಯಿಂದ ಗುಡ್ಡದವರೆಗೆ ನಡೆಯಿರಿ. ನೀರು ಎಲ್ಲಿ ಹರಿಯಿತು, ಎಲ್ಲಿ ನಿಂತಿತು, ಎಲ್ಲಿ ತಿರುಗಿತು ಗುರುತು ಹಾಕಿ. ವಯಸ್ಸಾದವರನ್ನು ಜೊತೆಗೆ ಕರೆದುಕೊಳ್ಳಿ.

2. ರಾಜಕಾಲುವೆ ಅಳತೆ ಮಾಡಿಸಿ. ಊರಿನ ನಕಾಶೆಯಲ್ಲಿ ಕೆರೆ, ಹಳ್ಳ, ಕಾಲುವೆಗಳ ಗುರುತು ಇರುತ್ತದೆ. ಒತ್ತುವರಿ ಇದ್ದರೆ ತೆರವು ಮಾಡಿಸಬೇಕು. ರಸ್ತೆ ಅಡ್ಡ ಬಂದಿದ್ದರೆ ಮೋರಿ ಹಾಕಿಸಬೇಕು.

3. ಮಣ್ಣು ಕೊಚ್ಚುವುದನ್ನು ತಡೆಯಿರಿ. ಬೋಳು ಗುಡ್ಡದಿಂದ ಹೂಳು ಬರುತ್ತದೆ. ಹುಲ್ಲು, ಹೊಂಗೆ, ಬೇವು, ಬದುವಿನ ಗಿಡಗಳು ಮಣ್ಣನ್ನು ಹಿಡಿಯುತ್ತವೆ. ನೀಲಗಿರಿ ನೆಲದ ನೀರನ್ನು ಬಹಳ ಎಳೆಯುತ್ತದೆ. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

4. ಏರಿ, ತೂಬು, ಕೋಡಿ ರಿಪೇರಿ ಮಾಡಿಸಿ. ಏರಿಯ ಮೇಲೆ ದೊಡ್ಡ ಮರ ಬೆಳೆದರೆ ಬೇರಿನ ಸಂದಿನಲ್ಲಿ ನೀರು ಜಿನುಗುತ್ತದೆ. ಇಲಿ, ಏಡಿ ಬಿಲಗಳನ್ನು ಮುಚ್ಚಬೇಕು.

5. ಇದೆಲ್ಲ ಆದ ಮೇಲೆ ಹೂಳು. ಏರಿಯ ಬುಡದಲ್ಲಿ ಮಣ್ಣು ತೆಗೆಯಬೇಡಿ. ಏರಿ ಸಡಿಲವಾಗುತ್ತದೆ. ಬಟ್ಟಲಿನ ಹಾಗೆ ಅಂಚನ್ನು ನೆಟ್ಟಗೆ ಕಡಿಯಬೇಡಿ. ದನ ಇಳಿಯಲಾರದು, ಹಕ್ಕಿ ಮೇಯಲಾರದು, ಮಗು ಕಾಲು ಜಾರಿದರೆ ಮೇಲೆ ಬರಲಾರದು. ಇಟ್ಟಿಗೆಗೆ, ಮರಳಿಗೆ ಅಲ್ಲಲ್ಲಿ ಗುಂಡಿ ತೋಡಲು ಬಿಡಬೇಡಿ. ತೆಗೆದ ಗೋಡು ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರ. ಸಣ್ಣ ರೈತರಿಗೂ ಪಾಲು ಸಿಗಬೇಕು.

6. ವರ್ಷ ವರ್ಷ ನೋಡಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಕಾಲುವೆಯ ಕಸ ತೆಗೆಯಿರಿ. ಒಂದು ಸಲ ಮಾಡಿ ಬಿಟ್ಟರೆ ಹತ್ತು ವರ್ಷದಲ್ಲಿ ಮತ್ತೆ ಅದೇ ಕಥೆ.

ಯಾರನ್ನು ಕೇಳಬೇಕು?

ಅಚ್ಚುಕಟ್ಟು 40 ಹೆಕ್ಟೇರ್, ಅಂದರೆ ಸುಮಾರು 100 ಎಕರೆಗಿಂತ ಕಡಿಮೆ ಇರುವ ಕೆರೆಗಳು ಪಂಚಾಯಿತಿ ಕಡೆಗೆ ಬರುತ್ತವೆ. ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಒತ್ತುವರಿಯ ವಿಷಯಕ್ಕೆ ತಹಸೀಲ್ದಾರರ ಕಚೇರಿ. ಕೆರೆಗಳನ್ನು ಕಾಪಾಡಲು 2014ರಲ್ಲಿ ನಮ್ಮ ರಾಜ್ಯದಲ್ಲಿ ಕಾಯಿದೆಯೇ ಆಗಿದೆ.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಮಾತಾಡಲು ಹೆದರಿಕೆ ಆಗುವುದು ಸಹಜ. ಒತ್ತುವರಿ ಮಾಡಿದವರು ಊರಿನ ದೊಡ್ಡವರೇ ಇರಬಹುದು. ನಮ್ಮ ನೆಂಟರು, ನಮ್ಮ ಮನೆಯವರೂ ಇರಬಹುದು. ಒಬ್ಬರೇ ಹೋಗಬೇಡಿ. ಸಂಘದ ಹತ್ತು ಜನ ಒಟ್ಟಿಗೆ ಹೋಗಿ. ಯಾರ ಹೆಸರೂ ಎತ್ತಬೇಕಿಲ್ಲ. ಕಾಲುವೆ ಅಳೆಯಿರಿ ಎಂದು ಕೇಳಿದರೆ ಸಾಕು. ಅಳತೆ ತಾನೇ ಮಾತಾಡುತ್ತದೆ.

ಅರ್ಜಿ ಬರೆಯೋಣ

ಇವರಿಗೆ,
ಅಧ್ಯಕ್ಷರು,
ಗ್ರಾಮ ಪಂಚಾಯಿತಿ, ................

ವಿಷಯ: ಕೆರೆಯ ರಾಜಕಾಲುವೆ ಅಳತೆ ಮಾಡಿಸುವ ಬಗ್ಗೆ.

ಮಾನ್ಯರೇ,
ನಮ್ಮ ................ ಊರಿನ ಕೆರೆಗೆ ಮಳೆ ನೀರು ಬರುತ್ತಿಲ್ಲ. ರಾಜಕಾಲುವೆ ............ ಕಡೆ ಮುಚ್ಚಿದೆ. ನಕಾಶೆ ನೋಡಿ ಕಾಲುವೆಯನ್ನು ಅಳತೆ ಮಾಡಿಸಿ, ತೆರವು ಮಾಡಿಸಬೇಕೆಂದು ಕೇಳಿಕೊಳ್ಳುತ್ತೇವೆ. ಈ ವಿಷಯವನ್ನು ಗ್ರಾಮ ಸಭೆಯ ನಡಾವಳಿಯಲ್ಲಿ ಬರೆಯಬೇಕು.

ಇಂತಿ ನಿಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ, ತಾರೀಖು)

ಬಿಟ್ಟ ಜಾಗ ತುಂಬಿ. ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಹಿ, ಮೊಹರು ಹಾಕಿಸಿಕೊಂಡು ಇಟ್ಟುಕೊಳ್ಳಿ. ಹೆಬ್ಬೆಟ್ಟು ಬೇಡ. ನಿಮ್ಮ ಹೆಸರನ್ನು ನೀವೇ ಬರೆಯಿರಿ.

ನೆನಪಿಡಿ

ನೀರಿನ ದಾರಿ ಮೊದಲು, ಹೂಳು ಆಮೇಲೆ.
ಕೆರೆಗೂ ಕೆರೆಗೂ ನಂಟು ಇದೆ.
ಇಂಗಿದ ನೀರು ನಷ್ಟವಲ್ಲ.
ಕೊಳಚೆ ಸೇರಿದರೆ ತುಂಬಿದ ಕೆರೆಯೂ ಕೆಟ್ಟ ಕೆರೆ.

ಪ್ರಶ್ನೆಗಳು

1. ಕೋಡಿ ಎಂದರೇನು? ತೂಬು ಎಂದರೇನು?
2. ಕೆರೆಯ ನೀರು ಯಾವ ನಾಲ್ಕು ದಾರಿಯಲ್ಲಿ ಖರ್ಚಾಗುತ್ತದೆ?
3. ಏರಿಯ ಬುಡದಲ್ಲಿ ಮಣ್ಣು ಯಾಕೆ ತೆಗೆಯಬಾರದು?

ಲೆಕ್ಕ ಮಾಡಿ

ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. 50 ಎಕರೆಗೆ ಎಷ್ಟು? ಅದರಲ್ಲಿ ಹತ್ತರಲ್ಲಿ ಒಂದು ಪಾಲು ಕೆರೆಗೆ ಬಂದರೆ ಎಷ್ಟು ಲೀಟರ್?

ಮಾತಾಡಿ

ನಿಮ್ಮ ಊರಿನ ಕೆರೆ ಕೊನೆಯ ಸಲ ಕೋಡಿ ಬಿದ್ದದ್ದು ಯಾವ ವರ್ಷ? ಅಂದು ಬಾಗಿನ ಕೊಟ್ಟವರು ಯಾರು? ಅಂದಿನಿಂದ ಇಂದಿಗೆ ನೀರಿನ ದಾರಿಯಲ್ಲಿ ಏನೇನು ಬದಲಾಯಿತು? ಊರಿನ ಅಜ್ಜಿಯರನ್ನು ಕೇಳಿ. ಅವರು ಹೇಳಿದ್ದನ್ನು ನಿಮ್ಮ ಪುಸ್ತಕದಲ್ಲಿ ಐದು ಸಾಲು ಬರೆದು ಮುಂದಿನ ತರಗತಿಗೆ ತನ್ನಿ.